ಒಳಸುತ್ತಿನ ಉಪ್ಪು

"ಸೋನಾರ್ ಎಲ್ಲಿ?"

"ಸಮುದ್ರದಲ್ಲಿದೆ."

"ಅದು ಇರಬೇಕಾದ್ದೇ ಸಮುದ್ರದಲ್ಲಿ. ವಾಪಸ್ ಯಾವಾಗ ಬರುತ್ತೆ ಅಂತ ಕೇಳಿದ್ದು."

ಎದುರಿಗೆ ನಿಂತಿದ್ದವನು ಕೈಯಲ್ಲಿದ್ದ ಕೇಬಲ್ ತುಂಡನ್ನು ಮೇಜಿನ ಮೇಲಿಟ್ಟ. "ಬರಲ್ಲ, ಗುಲ್ಚಿನ್ ಹಾನಿಮ್. ಕತ್ತರಿಸಿಬಿಟ್ಟೆ."

ಗುಲ್ಚಿನ್ ಆ ತುಂಡನ್ನೇ ನೋಡಿದಳು. ಮರ್ಮರಾ ಸಮುದ್ರದ ಅಂಚಿನ ಆ ವರ್ಕ್‌ಶಾಪಿನಲ್ಲಿ ಇಡೀ ಚಳಿಗಾಲ ಕೂತು ರಿಪೇರಿ ಮಾಡಿದ್ದ ಸೋನಾರ್ ಅದು. ಹೆಲಿಕಾಪ್ಟರ್ ನೀರಿನ ಮೇಲೆ ಒಂದೇ ಕಡೆ ನಿಂತು, ಬಾವಿಗೆ ಕೊಡ ಇಳಿಬಿಟ್ಟ ಹಾಗೆ ಅದನ್ನು ಕೇಬಲಿನಲ್ಲಿ ಇಳಿಸುತ್ತದೆ. ಆಳದಲ್ಲಿ ಅಡಗಿರುವ ಜಲಾಂತರ್ಗಾಮಿಯನ್ನು ಅದು ಸದ್ದಿನಿಂದಲೇ ಹುಡುಕುತ್ತದೆ. ಮೇಲೆ ಕೂತು ಆ ಸದ್ದು ಆಲಿಸುವವನು ಇವನು, ಓರ್ಹುನ್. ಹೆಸರು ಕೇಳಿದ್ದಳು. ಮುಖ ನೋಡಿದ್ದು ಇವತ್ತೇ.

ನೋಡದೇ ಇದ್ದಿದ್ದರೇ ಚೆನ್ನಾಗಿತ್ತು...

"ಯಾಕೆ ಕತ್ತರಿಸಿದ್ರಿ?"

"ಗಾಳಿ ಎದ್ದಿತ್ತು. ಆತುರಪಟ್ಟೆ. ನನ್ನದೇ ತಪ್ಪು."

ವಿಚಾರಣೆಯಲ್ಲೂ ಅವನು ಅಷ್ಟೇ ಹೇಳಿದ. ಇನ್ನು ಹಾರುವಂತಿಲ್ಲ ಎಂದು ಅವನನ್ನು ಕೆಳಗೆ ಕೂರಿಸಿದರು.

ಹಿರಿಯ ಮೆಕ್ಯಾನಿಕ್ ಶುಕ್ರು ಉಸ್ತಾ ಅವಳ ಮುಂದೆ ಚಹಾ ಲೋಟ ಇಟ್ಟು, "ಆ ಹುಡುಗ ಅಂಥವನಲ್ಲ ಮಗಳೇ" ಅಂದರು.

"ಅಂಥವನಲ್ಲದಿದ್ರೆ ನನ್ನ ಸೋನಾರ್ ಮೀನುಗಳ ಜೊತೆ ಯಾಕಿದೆ, ಉಸ್ತಾ?"

"ಇರಲಿ ಬಿಡು. ಪಾಪ, ಮೀನುಗಳ ಕಷ್ಟ ಕೇಳೋರು ಯಾರಿದ್ರು?"

ಗುಲ್ಚಿನ್ ನಗಲಿಲ್ಲ.

ಆದರೆ ಮರುದಿನ ಬೆಳಿಗ್ಗೆ, ಹೆಲಿಕಾಪ್ಟರಿನ ರಾಟೆಯಲ್ಲಿ ಉಳಿದಿದ್ದ ಕೇಬಲ್ ಬಿಚ್ಚಲು ಹೋದಾಗ ಅವಳ ಕೈ ನಿಂತಿತು. ಒಂದು ಸುತ್ತೂ ಅಲುಗಲಿಲ್ಲ. ಸುತ್ತುಗಳ ನಡುವೆ ಬಿಳಿ ಹರಳು. ಉಪ್ಪು! ಅಂಟಿಕೊಂಡ ಸುತ್ತೊಂದು ಅಡ್ಡ ಬಿದ್ದು ರಾಟೆಯನ್ನೇ ಬಿಗಿಹಿಡಿದಿತ್ತು. ಸೋನಾರನ್ನು ಮೇಲೆಳೆಯಲು ಆಗುತ್ತಿರಲಿಲ್ಲ; ಕತ್ತರಿಸದಿದ್ದರೆ ಆ ಗಾಳಿಯಲ್ಲಿ ಹೆಲಿಕಾಪ್ಟರೇ ನೀರಿಗೆ ಬೀಳುತ್ತಿತ್ತು.

ಪ್ರತಿ ಹಾರಾಟದ ನಂತರ ಕೇಬಲನ್ನು ಪೂರ್ತಿ ಬಿಚ್ಚಿ ಸಿಹಿನೀರಿನಲ್ಲಿ ತೊಳೆಯಬೇಕು. ಈಚಿನವೆಲ್ಲ ಸೋನಾರನ್ನು ಸ್ವಲ್ಪವೇ ಆಳಕ್ಕಿಳಿಸುವ ಹಾರಾಟ. 'ನೀರಿಗಿಳಿದಷ್ಟು ತೊಳೆದರೆ ಸಾಕು' ಎಂದಿದ್ದವಳು ಗುಲ್ಚಿನ್ನೇ. ಹೊರಸುತ್ತಿನ ಉಪ್ಪುನೀರು ಒಳಗಿಳಿದು ಒಣಗಿ ಕೂತಿತ್ತು.

ಹಾಗಾದರೆ... ಅವನು?

ಕ್ಯಾಂಟೀನಿನಲ್ಲಿ ಓರ್ಹುನ್ ಬೇಳೆ ಸೂಪಿಗೆ ನಿಂಬೆ ಹಿಂಡುತ್ತಿದ್ದ.

"ರಾಟೆ ಸಿಕ್ಕಿಕೊಂಡಿದ್ದು ನೀವು ನೋಡಿದ್ರಿ ತಾನೇ?"

ಅವನು ನಿಂಬೆ ಕೆಳಗಿಟ್ಟ. "ನೋಡಿದೆ."

"ಮತ್ತೆ ಆತುರ ಅಂತ ಯಾಕೆ ಬೊಗಳೆ ಬಿಟ್ರಿ?"

"ನಿಮ್ಮ ಕೆಲಸ ಹೋಗ್ತಿತ್ತು. ನೀವು ಹೊಸಬರು..."

"ನನ್ನ ತಪ್ಪು ಹೊತ್ಕೊಂಡು ಹೋಗೋಕೆ ನಿಮ್ಮನ್ನ ಯಾರು ಕರೆದಿದ್ರು, ಓರ್ಹುನ್ ಅವರೇ? ಇನ್ನೊಂದು ಹೆಲಿಕಾಪ್ಟರಿನ ಕೇಬಲನ್ನೂ ಹೀಗೇ ತೊಳೆದಿರೋದು. ಅದು ಇವತ್ತು ಮಧ್ಯಾಹ್ನ ಹಾರುತ್ತೆ. ಒಳಗೆ ಜನ ಇರ್ತಾರೆ!"

ಅವನ ಮುಖ ಬಿಳಿಚಿಕೊಂಡಿತು. ಅದು ಅವನಿಗೆ ಹೊಳೆದೇ ಇರಲಿಲ್ಲ.

ಇಬ್ಬರೂ ಓಡಿದರು. ಹಾರಾಟ ನಿಂತಿತು. ಕಮಾಂಡರ್ ಮುಂದೆ ಗುಲ್ಚಿನ್ ತನ್ನ ತಪ್ಪನ್ನು ತಾನೇ ಹೇಳಿದಳು. ಸುಳ್ಳಿಗೆ ಅವನಿಗೂ, ಉಪ್ಪಿಗೆ ಇವಳಿಗೂ ಸಮನಾಗಿ ಬೈಗುಳ ಬಿತ್ತು. ಅವನಿಗೆ ಹಾರಾಟ ಮರಳಿ ಸಿಕ್ಕಿತು. ಇವಳ ಕೆಲಸ ಉಳಿಯಿತು, ಮಾನ ಅರ್ಧ ಉಳಿಯಿತು.

ಆಮೇಲೆ ದಿನಾ ಸಂಜೆ ಕೇಬಲನ್ನು ಅಂಗಳದುದ್ದಕ್ಕೂ ಎಳೆದು ತೊಳೆಯುವಾಗ ಓರ್ಹುನ್ ಬಂದು ಒಂದು ತುದಿ ಹಿಡಿಯತೊಡಗಿದ.

"ದಿನಾ ಯಾಕೆ ಬರ್ತೀರಿ?"

"ಕೇಬಲ್ ಉದ್ದ ಇದೆ."

"ಹಿಡಿಯೋಕೆ ಜನ ಇದಾರೆ."

"ಗೊತ್ತು."

ಇವನ ಬಾಯಿಂದ ಮಾತು ಎಳೆಯಲಿಕ್ಕೂ ಒಂದು ರಾಟೆ ಬೇಕು... ಅವಳಿಗೆ ತಲೆ ಚಚ್ಚಿಕೊಳ್ಳುವಂತಾಯಿತು. ಆದರೂ ಅವನು ಬಾರದ ಸಂಜೆ ಅಂಗಳ ಬಿಕೋ ಅನ್ನುತ್ತಿತ್ತು. ಅದಕ್ಕೆ ಇನ್ನಷ್ಟು ಸಿಟ್ಟು. ಕೊನೆಗೊಂದು ಸಂಜೆ ಅವಳೇ ಬಾಯಿಬಿಟ್ಟಳು.

"ನೋಡಿ, ನನಗೆ ಒಳ್ಳೇದಾಗಲಿ ಅಂತಲೂ ನನ್ನ ಹತ್ರ ಸುಳ್ಳು ಹೇಳಬೇಡಿ."

"ಆಯ್ತು. ನಿಜ ಹೇಳ್ತೀನಿ. ನಿಮ್ಮನ್ನ ಕೇಳೋಕೆ ಅಮ್ಮನ ಜೊತೆ ನಿಮ್ಮ ಮನೆಗೆ ಬರಲಾ?"

ಪೈಪಿನ ನೀರೆಲ್ಲ ಅವಳ ಶೂ ಒಳಗೆ ಹೋಯಿತು.

ಭಾನುವಾರ ಹೂವು, ಚಾಕೊಲೇಟ್ ಡಬ್ಬಿ ಹಿಡಿದು ಅವರು ಬಂದರು. ಹೆಣ್ಣು ಕೇಳಲು ಬಂದ ಗಂಡಿಗೆ ಹುಡುಗಿ ಉಪ್ಪು ಹಾಕಿದ ಕಾಫಿ ಕೊಡಬೇಕು, ಅವನು ಮುಖ ಸಿಂಡರಿಸದೆ ಕುಡಿದು 'ಚೆನ್ನಾಗಿದೆ' ಅನ್ನಬೇಕು, ಅದು ಅಲ್ಲಿನ ಪದ್ಧತಿ. ಅಡುಗೆಮನೆಯಲ್ಲಿ ಗುಲ್ಚಿನ್‌ಳ ಸೋದರತ್ತೆ ಪಿಸುಗುಟ್ಟಿದಳು, "ಇನ್ನೊಂದು ಚಮಚ ಹಾಕೇ, ಗಂಡಸಿನ ಸಹನೆ ಗೊತ್ತಾಗಲಿ."

ಗುಲ್ಚಿನ್ ಹಾಕಿದಳು. ಅವಳಿಗೆ ಬೇಕಿದ್ದದ್ದು ಸಹನೆಯಲ್ಲ. ಅವನು 'ಚೆನ್ನಾಗಿದೆ' ಅಂದರೆ ಮನೆಯವರೆಲ್ಲ ಖುಷಿಪಡುತ್ತಾರೆ... ಅವಳೊಬ್ಬಳನ್ನು ಬಿಟ್ಟು.

ಓರ್ಹುನ್ ಒಂದು ಗುಟುಕು ಕುಡಿದ. ಕಪ್ ಕೆಳಗಿಟ್ಟ.

"ಹೇಗಿದೆ ಮಗನೇ?" ಅವನ ತಾಯಿ ಕೇಳಿದರು.

ಅವನು ಗುಲ್ಚಿನ್‌ಳನ್ನೇ ನೋಡಿದ. "ಬಾಯಿಗಿಡೋ ಹಾಗಿಲ್ಲ, ಅಮ್ಮಾ."

ಅತ್ತೆ ಕೆನ್ನೆಗೆ ಕೈ ಇಟ್ಟುಕೊಂಡಳು. ಅಪ್ಪನ ಕೈಯ ಜಪಮಣಿ ನಿಂತೇ ಹೋಯಿತು. ಓರ್ಹುನ್ ಮಾತ್ರ ಕಪ್ಪನ್ನೆತ್ತಿ ಉಳಿದಿದ್ದನ್ನೂ ಪೂರ್ತಿ ಕುಡಿದ.

ಗುಲ್ಚಿನ್ ನಕ್ಕುಬಿಟ್ಟಳು.

ಅಪ್ಪ ಅವಳ ಮುಖ ನೋಡಿ, "ಇನ್ನು ನಾನು ಕೇಳೋದೇನಿದೆ?" ಎಂದು ಮತ್ತೆ ಮಣಿ ಎಣಿಸತೊಡಗಿದರು.

ಬಾಗಿಲ ಬಳಿ ಇಬ್ಬರೇ ಸಿಕ್ಕಾಗ ಅವನು ಮೆಲ್ಲಗೆ ಕೇಳಿದ, "ನಾನು ಚೆನ್ನಾಗಿದೆ ಅಂದಿದ್ರೆ?"

"ಕತ್ತರಿಸಿಬಿಡ್ತಿದ್ದೆ."

"ಒಂದು ಲೋಟ ನೀರಾದ್ರೂ ಸಿಗುತ್ತಾ?"

ಅವಳು ಬೆನ್ನ ಹಿಂದಿನಿಂದ ಲೋಟ ಮುಂದೆ ತಂದಳು. ಆಗಿನಿಂದ ಹಿಡಿದೇ ನಿಂತಿದ್ದಳು.

"ಪೂರ್ತಿ ಕುಡೀರಿ," ಅಂದಳು. "ಒಳಗಿನವರೆಗೂ ತೊಳೀಬೇಕು."