ಚಪ್ಪಲಿ ಹಿಡಿದವರು

ಮಾದೇಶ್ ಬಗ್ಗಿ ನನ್ನ ಚಪ್ಪಲಿಗಳನ್ನು ಎತ್ತಿಕೊಂಡರು.

ಬೇಡ ಅಂದೆ. ಕಾಲೇಜಿನಲ್ಲಿ ಸಸ್ಯಶಾಸ್ತ್ರ ಪಾಠ ಹೇಳುವ ಮನುಷ್ಯ, ನನಗಿಂತ ನಾಲ್ಕು ವರ್ಷ ದೊಡ್ಡವರು, ನನ್ನ ಚಪ್ಪಲಿ ಮುಟ್ಟುವುದೆಂದರೇನು. ಅವರು ಕೇಳಲಿಲ್ಲ. ಎರಡನ್ನೂ ಜೋಡಿಸಿ ಎಡಗೈಯಲ್ಲಿ ಹಿಡಿದುಕೊಂಡು, "ಇಲ್ಲಿ ಬಿಟ್ರೆ ಕೋತಿ ಎತ್ಕಂಡೋಯ್ತವೆ ಮೇಡಂ" ಅಂದರು. ತಮ್ಮ ಚಪ್ಪಲಿಗಳನ್ನು ಮಾತ್ರ ಹುಣಸೆಮರದ ಬುಡದಲ್ಲೇ ಬಿಟ್ಟರು.

ಕೋತಿಗಳಿಗೆ ಅವರ ಚಪ್ಪಲಿ ಯಾಕೆ ಬೇಡ ಎಂದು ನನಗೆ ಆಗ ಹೊಳೆಯಲಿಲ್ಲ.

ತೊಂಬತ್ತಾರರ ಜನವರಿ, ಒಂದು ಭಾನುವಾರ. ನಾವು ನಾಲ್ವರು ಕೊಳ್ಳೇಗಾಲದಿಂದ ಮೊದಲ ಬಸ್ಸಿಗೆ ಹನೂರಿಗೆ ಬಂದು, ಅಲ್ಲಿಂದ ಹೊಲದ ದಾರಿಯಲ್ಲಿ ನಡೆದು ಬರಿಗಾಲಲ್ಲೇ ಹತ್ತಬೇಕಾದ ಮೆಟ್ಟಿನ ಬೆಟ್ಟದ ಬುಡ ಸೇರಿದ್ದೆವು. ಹೊರಡಿಸಿದವಳು ಆಶಾರಾಣಿ. ನಮ್ಮ ಕಾಲೇಜಿನಲ್ಲೇ ಕನ್ನಡ ಪಾಠ ಹೇಳುತ್ತಾಳೆ, ಊರೂರಿನ ಕಥೆಗಳನ್ನು ಟೇಪ್ ರೆಕಾರ್ಡರಿನಲ್ಲಿ ತುಂಬಿಕೊಳ್ಳುವ ಹುಚ್ಚು. ಗಂಡ ಶಿವಶಂಕರ ರೇಷ್ಮೆ ಇಲಾಖೆಯವರು. ಅವರು ಹೆಂಡತಿಯ ಚಪ್ಪಲಿ ಹಿಡಿದು ಮುಂದೆ ನಡೆದಿದ್ದರು. ಒಳ್ಳೆಯ ಗಂಡ ಅಂದುಕೊಂಡೆ. ಮೆಟ್ಟು ಅಂದರೆ ಚಪ್ಪಲಿ ಎಂದು ಗೊತ್ತಿತ್ತು. ಮೇಲೆಲ್ಲೋ ಚಪ್ಪಲಿಯ ಆಕಾರದ ಬಂಡೆ ಇರಬೇಕು, ಅದಕ್ಕೇ ಈ ಹೆಸರು ಅಂದುಕೊಂಡೆ.

ನಾನು ಈ ಕಡೆಯವಳಲ್ಲ. ಮೈಸೂರಿನಲ್ಲಿ ಇತಿಹಾಸದ ಎಂ.ಎ. ಮುಗಿಸಿ ಯಳಂದೂರಿಗೆ ಸೊಸೆಯಾಗಿ ಬಂದೆ. ಹನ್ನೊಂದು ತಿಂಗಳಿಗೆ ಗಂಡ ನಂಜುಂಡಸ್ವಾಮಿ ಕಾಮಾಲೆಯಲ್ಲಿ ಹೋದರು. ಆಮೇಲೆ ಕೊಳ್ಳೇಗಾಲದ ಕಾಲೇಜಿನಲ್ಲಿ ಕೆಲಸ ಸಿಕ್ಕಿತು, ಒಂದು ಬಾಡಿಗೆ ಕೋಣೆ ಮಾಡಿಕೊಂಡೆ. ಮೂರು ವರ್ಷದಿಂದ ಪ್ರತಿ ಶನಿವಾರ ಯಳಂದೂರಿಗೆ ಹೋಗಿ ಅತ್ತೆಯ ಪಕ್ಕ ಮಲಗುತ್ತಿದ್ದೆ; ಆ ವಾರ ಮಾತ್ರ ಹೋಗಿರಲಿಲ್ಲ. ನನ್ನ ಬಳೆ ಒಡೆಸಲು ಬಿಡದ ಅತ್ತೆ ಅವರು. ಆದರೆ ಬೀದಿಯಲ್ಲಿ ಸಿಕ್ಕವರಿಗೆಲ್ಲ ಒಂದೇ ಮಾತು ಹೇಳುತ್ತಿದ್ದರು: ನಮ್ಮ ಸೊಸೆ ತಲೆ ಎತ್ತಿ ನೋಡೋಳಲ್ಲ. ಅದನ್ನು ಕೇಳಿ ಕೇಳಿ ನನ್ನ ಕತ್ತು ಕೆಳಗೇ ನಿಂತುಬಿಟ್ಟಿತ್ತು.

ಇನ್ನೂ ಮದುವೆಯಾಗಿಲ್ಲ ಅನ್ನುವುದು ಬಿಟ್ಟರೆ ಮಾದೇಶ್ ಬಗ್ಗೆ ನನಗೆ ಗೊತ್ತಿದ್ದುದು ಕಡಿಮೆ. ಸ್ಟಾಫ್ ರೂಮಿನಲ್ಲಿ ನನ್ನ ಕುರ್ಚಿ ಗೋಡೆಯ ಕಡೆಗಿತ್ತು. ಒಂದು ಸೋಮವಾರ ಅದು ಕಿಟಕಿಯ ಬಳಿ ಇತ್ತು. ಯಾರು ಸರಿಸಿದರೆಂದು ಯಾರೂ ಹೇಳಲಿಲ್ಲ. ನಾನೂ ಕೇಳಲಿಲ್ಲ, ಅಲ್ಲೇ ಕೂತೆ. ಅಂದಿನಿಂದ ಅವರು ಪೇಪರಿನ ಮೇಲಂಚಿನಿಂದ ಒಮ್ಮೆ ಮಾತ್ರ ನನ್ನತ್ತ ನೋಡಿ, ಬೆಳಕು ಸಾಕಾಯಿತು ಅನ್ನುವಂತೆ ಪುಟ ತಿರುಗಿಸುತ್ತಿದ್ದರು.

ಬೆಟ್ಟ ಕಡಿದಲ್ಲ, ಉದ್ದ. ಬಂಡೆ ಇನ್ನೂ ತಣ್ಣಗಿತ್ತು. ಬರಿಗಾಲಿಗೆ ಕಲ್ಲಿನ ತಂಪು ತಗುಲಿದಾಗ, ಕಾಲುಗಳು ನನ್ನವೇ ಎಂದು ಬಹಳ ದಿನಗಳ ಮೇಲೆ ಗೊತ್ತಾಯಿತು. ಮಾದೇಶ್ ಎರಡು ಹೆಜ್ಜೆ ಮುಂದೆ. ಮುಳ್ಳು ಕಂಡಲ್ಲಿ ನಿಂತು, ಅದರ ಹೆಸರು ಹೇಳಿ, ಬದಿಗೆ ಸರಿಸಿ ಮತ್ತೆ ನಡೆಯುವರು. ಅರ್ಧ ಹೆಸರುಗಳು ಸುಳ್ಳಿರಬೇಕು ಅಂದೆ. ಪರೀಕ್ಷೆ ಇಡಿ ಅಂದರು. ಹಾಗೆ ಹೇಳುವಾಗ ಹಿಂದೆ ತಿರುಗಿದರು. ಆ ನೋಟ ನನ್ನ ಮುಖದ ಮೇಲೆ ನಿಲ್ಲಬೇಕಾದುದಕ್ಕಿಂತ ಒಂದು ಕ್ಷಣ ಹೆಚ್ಚು ನಿಂತಿತು.

ಇಳಿದು ಬರುತ್ತಿದ್ದ ಹೆಂಗಸರು ಮಾದೇಶರ ಕೈಯನ್ನೂ ನನ್ನ ಕಾಲನ್ನೂ ನೋಡಿ ನಗುತ್ತ ದಾರಿ ಬಿಟ್ಟರು. ಒಬ್ಬಾಕೆ ನನ್ನ ಗಲ್ಲ ಮುಟ್ಟಿ ನೆಟಿಕೆ ಮುರಿದಳು. ಈ ಕಡೆಯ ಜನ ಬಹಳ ಒಳ್ಳೆಯವರು ಎಂದು ಆಶಾರಾಣಿಗೆ ಹೇಳಿದೆ. ಅವಳಿಗೆ ಇದ್ದಕ್ಕಿದ್ದಂತೆ ಕೆಮ್ಮು ಬಂತು.

ಅರ್ಧ ದಾರಿಯಲ್ಲಿ ಒಂದು ಕಲ್ಲುಮಂಟಪ. ಅಲ್ಲಿ ಹತ್ತಿ ಬಂದವರಿಗೆ ನೀರು ಕೊಡುವ ಅಜ್ಜಿ ದೊಡ್ಡಮಾದಮ್ಮ. ಆಶಾರಾಣಿ ರೆಕಾರ್ಡರಿನ ಗುಂಡಿ ಒತ್ತಿ ಬೆಟ್ಟದ ಕಥೆ ಕೇಳಿದಳು.

ಕುರಿ ಕಾಯುವವನೊಬ್ಬನ ಜೊತೆ ಹುಡುಗಿಯೊಬ್ಬಳು ಓಡಿ ಬಂದಳಂತೆ. ಅವಳ ಮೆಟ್ಟು ಹೊಲಿಸಿಕೊಟ್ಟಿದ್ದವನು ಅವಳ ಅಣ್ಣನೇ. ಮಣ್ಣಿನ ಮೇಲೆ ಆ ಮೆಟ್ಟಿನ ಗುರುತು ನೋಡಿಕೊಂಡೇ ಅಣ್ಣಂದಿರು ಬೆನ್ನು ಹತ್ತಿದರು. ಬೆಟ್ಟದ ಬುಡಕ್ಕೆ ಬಂದಾಗ ಕುರಿ ಕಾಯುವವನು ಅವಳ ಮೆಟ್ಟು ಬಿಚ್ಚಿಸಿ ತನ್ನ ಕೈಯಲ್ಲಿ ಹಿಡಿದ. ಅವಳು ಬರಿಗಾಲಲ್ಲಿ ಬಂಡೆ ಏರಿದಳು. ಅಣ್ಣಂದಿರು ಬಂದು ನೋಡಿದರೆ ಗುರುತು ಅಲ್ಲಿಗೇ ನಿಂತಿತ್ತು. ತುದಿಯ ಜೋಡಿ ಗುಂಡುಕಲ್ಲುಗಳು ಅವರಿಬ್ಬರೇ ಅಂತೆ.

"ತಾಳಿಲ್ಲ, ಓಲಗಿಲ್ಲ" ಅಂದಳು ಅಜ್ಜಿ. "ಮೆಟ್ಟು ಇಡ್ದಿದ್ದೇ ಮದ್ವೆ ಕಣವ್ವ. ಅವತ್ತಿಂದ ಈ ಬೆಟ್ಟದಲ್ಲಿ ಎಡ್ತಿ ಮೆಟ್ಟ ಗಂಡ ಇಡ್ಕಂಡೇ ಅತ್ಬೇಕು. ಬ್ಯಾರೇರು ಮುಟ್ಟಂಗಿಲ್ಲ."

ಅವಳು ಮಾದೇಶರ ಕೈ ನೋಡಿದಳು. ನನ್ನ ತಲೆಯ ಮೇಲೆ ಕೈಯಿಟ್ಟು, ಗಂಡ ಹೆಂಡತಿ ನೂರು ಕಾಲ ಬಾಳಿ ಅಂದಳು. ರೆಕಾರ್ಡರಿನ ಚಕ್ರ ತಿರುಗುತ್ತಲೇ ಇತ್ತು.

ಅಲ್ಲ ಅಂತ ಹೇಳಬೇಕಿತ್ತು. ಬಾಯಿ ತೆರೆದೆ, ನೀರು ಕುಡಿದೆ.

ತುದಿಯಲ್ಲಿ ಆಶಾರಾಣಿ ಗಂಡನನ್ನು ಕರೆದುಕೊಂಡು ಗುಂಡುಗಳ ಆಚೆಗೆ ಹೋದಳು. ದಕ್ಷಿಣಕ್ಕೆ ಮಾದೇಶ್ವರನ ಬೆಟ್ಟದ ಸಾಲು ನೀಲಿಯಾಗಿ ಮಲಗಿತ್ತು. ನನ್ನ ಚಪ್ಪಲಿಗಳು ಇನ್ನೂ ಮಾದೇಶರ ಕೈಯಲ್ಲಿದ್ದವು. ಒಂದರ ಉಂಗುಷ್ಠ ಕಿತ್ತು ಹೊಲಿಸಿದ್ದು, ಹಿಮ್ಮಡಿ ಸವೆದದ್ದು, ಎಲ್ಲ ಬಿಸಿಲಿನಲ್ಲಿ ಕಾಣುತ್ತಿತ್ತು. ನಾಚಿಕೆಯಾಯಿತು. ನಾನೇ ಅವರಿಗೆ ತಪ್ಪಿಸಿಕೊಳ್ಳಲೊಂದು ದಾರಿ ಮಾಡಿಕೊಟ್ಟೆ.

"ನಿಮಗೆ ಈ ಪದ್ಧತಿ ಗೊತ್ತಿರಲಿಲ್ಲ ಅಲ್ವಾ ಸರ್?"

"ನಾನು ಅನೂರಲ್ಲೇ ಉಟ್ಟಿ ಬೆಳ್ದೋನು" ಅಂದರು. "ನಮ್ಮಪ್ಪ ವರ್ಸಾ ವರ್ಸಾ ನಮ್ಮವ್ವನ ಚಪ್ಲಿ ಇಡ್ಕಂಡು ಅತ್ತೋರು. ಅವ್ರ ಇಂದಿಂದೆ ನಾನು ಓಗ್ತಿದ್ದೆ."

"ಮತ್ತೆ ಕೋತಿ?"

"ಈ ಬೆಟ್ಟದಲ್ಲಿ ಒಂದು ಕೋತಿನೂ ಇಲ್ಲ."

ಸುತ್ತ ನೋಡಿದೆ. ಬಂಡೆ, ಹುಲ್ಲು, ಗಾಳಿ. ನಿಜಕ್ಕೂ ಒಂದೂ ಇರಲಿಲ್ಲ. ನನಗೆ ನಗು ಬಂತು. ಅದು ನಿಲ್ಲಲಿಲ್ಲ. ಸೆರಗಿನಿಂದ ಬಾಯಿ ಮುಚ್ಚಿದರೂ ಕಣ್ಣಿಂದ ಇಳಿಯಿತು. ಅವರು ನಗಲಿಲ್ಲ. ಕೈಯನ್ನು ಮುಂದೆ ಚಾಚಿದರು.

"ಕೇಳ್ದಲೆ ಎತ್ಕಂಡಿದ್ದು ತಪ್ಪೇಯ. ಬ್ಯಾಡ ಅಂದ್ರೆ ಇಸ್ಕಳಿ, ಜ್ಯೋತಿ. ನೀವೇ ಇಡ್ಕಂಡು ಇಳೀರಿ. ನಾಳೆ ಸ್ಟಾಫ್ ರೂಮಲ್ಲಿ ಯಾವತ್ತಿನಂಗೆ ಇರ್ತೀನಿ."

ಮೇಡಂ ಅನ್ನದೆ ಅವರು ನನ್ನನ್ನು ಕರೆದದ್ದು ಅದೇ ಮೊದಲು.

ಚಪ್ಪಲಿಗಳನ್ನು ನೋಡಿದೆ. ಕೈ ಚಾಚಲಿಲ್ಲ. ಇಳಿಯುವಾಗ ಕಾಲು ಜಾರಿದರೆ ನನಗೆ ಎರಡೂ ಕೈ ಬೇಕು ಅಂದೆ. ಅವರ ಕಿವಿ ಕೆಂಪಾಯಿತು. ಸಸ್ಯಶಾಸ್ತ್ರದವರ ಕಿವಿ ಅಷ್ಟು ಕೆಂಪಾಗುತ್ತದೆಂದು ನಾನು ಎಣಿಸಿರಲಿಲ್ಲ.

ಮಂಟಪದ ಹತ್ತಿರಕ್ಕೆ ಇಳಿದಿದ್ದೆವು. ಪೂಜೆಯ ಬುಟ್ಟಿ ಹಿಡಿದು ಎದುರಿಗೆ ಬಂದವರು ಚಿಕ್ಕನಿಂಗಮ್ಮ, ಅತ್ತೆಯ ಸ್ವಂತ ತಂಗಿ. ಹನೂರಿಗೆ ಕೊಟ್ಟಿದ್ದಾರೆ. ಇವರು ಕಂಡದ್ದು ಮರುದಿನದ ಬಸ್ಸಿಗೆ ಯಳಂದೂರು ಸೇರುತ್ತದೆ. ಅತ್ತೆಯ ಮನೆಯಲ್ಲಿ ಯಜಮಾನಿಕೆ ಭಾವ ರಂಗನಾಯಕರದು. ಒಮ್ಮೆ ಆ ಬಾಗಿಲು ಹಾಕಿಕೊಂಡರೆ ಶನಿವಾರಗಳಿಲ್ಲ, ಅತ್ತೆಯಿಲ್ಲ. ನನಗೆ ಇದ್ದ ಮನೆ ಅದೊಂದೇ.

ಚಿಕ್ಕತ್ತೆಯ ಕಣ್ಣು ಮಾದೇಶರ ಕೈಗೆ ಬಂತು. ಅಲ್ಲಿಂದ ನನ್ನ ಕಾಲಿಗೆ. ಮತ್ತೆ ಕೈಗೆ.

"ಇದೇನವ್ವಾ ಜ್ಯೋತಿ?"

ಆಶಾರಾಣಿ ನಡುವೆ ಬಂದಳು. ಸಾರ್ ಪಟ್ಟಣದವರು, ಅವರಿಗೆ ಇದೆಲ್ಲ ತಿಳಿಯದು, ಕೋತಿ ಕಾಟ ಅಂತ ಹಿಡಿದುಕೊಂಡಿದ್ದಾರೆ ಅಂದಳು. ಗೆಳತಿ ಎಷ್ಟು ಬೇಗ, ಎಷ್ಟು ಚೆನ್ನಾಗಿ ಸುಳ್ಳು ಹೇಳಿದಳು. ಮಾದೇಶ್ ಚಪ್ಪಲಿ ಕೆಳಗಿಡಲಿಲ್ಲ. ನನ್ನತ್ತ ನೋಡಿದರು. ನನಗಾಗಿ ಆ ಸುಳ್ಳನ್ನು ಹೊತ್ತುಕೊಳ್ಳಲು ಅವರು ತಯಾರಿದ್ದರು.

ಚಿಕ್ಕತ್ತೆಯ ಮುಖ ಸಡಿಲವಾಯಿತು. "ಅಂಗನ್ನಿ ಮತ್ತೆ. ನಮ್ ಸೊಸೆ ತಲೆ ಎತ್ತಿ ನೋಡೋಳಲ್ಲ, ನಂಗೊತ್ತಿಲ್ವಾ?"

ಸುಮ್ಮನಿದ್ದರೆ ಸಾಕಿತ್ತು. ಮೂರು ವರ್ಷ ಸುಮ್ಮನಿದ್ದು ನನಗೆ ಅದು ಚೆನ್ನಾಗಿ ಅಭ್ಯಾಸವಾಗಿತ್ತು.

ತಲೆ ಎತ್ತಿದೆ.

"ಅವರಿಗೆ ಗೊತ್ತು ಚಿಕ್ಕತ್ತೆ. ಹತ್ತುವಾಗ ನನಗೂ ಗೊತ್ತಾಯಿತು. ಗೊತ್ತಿದ್ದೇ ಅವರ ಕೈಯಲ್ಲಿ ಬಿಟ್ಟಿದ್ದೇನೆ."

ಮಂಟಪದೊಳಗೆ ದೊಡ್ಡಮಾದಮ್ಮ ಚೊಂಬಿಗೆ ನೀರು ಹೊಯ್ಯುವ ಸದ್ದು ಕೇಳುತ್ತಿತ್ತು.

"ನಿಮ್ಮತ್ತೆಗೆ ಯಾವ ಮೊಕ ತೋರ್ಸೀಯವ್ವ?" ಚಿಕ್ಕತ್ತೆಯ ದನಿಯಲ್ಲಿ ಸಿಟ್ಟಿಗಿಂತ ಹೆದರಿಕೆ ಹೆಚ್ಚಿತ್ತು.

"ಇದೇ ಮುಖ" ಅಂದೆ. "ನೀವು ಹೇಳಿ ಕಳಿಸಬೇಡಿ. ನಾನೇ ಹೇಳ್ತೀನಿ."

ಹುಣಸೆಮರದ ಬುಡದಲ್ಲಿ ಮಾದೇಶ್ ನನ್ನ ಚಪ್ಪಲಿಗಳನ್ನು ಕಾಲಿನ ಮುಂದೆ ಇಟ್ಟರು. ಹಾಕಿಕೊಂಡೆ. ಆಶಾರಾಣಿ ನನ್ನ ತೋಳು ಹಿಡಿದು, ಇನ್ನೊಂದು ವಾರ ಯೋಚಿಸು, ದುಡುಕಬೇಡ ಅಂದಳು. ಒಂದು ವಾರದಲ್ಲಿ ನಾನು ಮತ್ತೆ ಒಳ್ಳೆಯ ಸೊಸೆಯಾಗಿಬಿಡುತ್ತೇನೆ ಅಂದೆ.

ಹನೂರಿನಲ್ಲಿ ಸಿಕ್ಕ ಬಸ್ಸು ಕೊಳ್ಳೇಗಾಲ, ಯಳಂದೂರಿನ ಮೇಲೆ ಚಾಮರಾಜನಗರಕ್ಕೆ ಹೋಗುವುದು. ಮುಂದೆ ಹೆಂಗಸರ ಸೀಟಿನಲ್ಲಿ ಆಶಾರಾಣಿ ನನಗೆ ಜಾಗ ಹಿಡಿದಿದ್ದಳು. ನಾನು ಅದನ್ನು ದಾಟಿ ಹಿಂದಕ್ಕೆ ಹೋಗಿ ಮಾದೇಶರ ಪಕ್ಕ ಕೂತೆ. ಅವರು ಸರಿದು ಕಿಟಕಿಯ ಕಡೆ ನನಗೆ ಬಿಟ್ಟರು.

ಅತ್ತೆ ನನ್ನ ಮಾತನ್ನು ಪೂರ್ತಿ ಕೇಳಬಹುದು. ಕೇಳದೆಯೂ ಇರಬಹುದು. ಭಾವ ಜಗುಲಿ ಹತ್ತಲು ಬಿಡದಿರಬಹುದು. ಎಲ್ಲ ಕಣ್ಣಮುಂದೆ ಬಂತು, ಹೆದರಿಕೆಯಾಯಿತು. ಹೆದರಿಕೆಯಾದದ್ದೇ ಸಂತೋಷವಾಯಿತು. ಸತ್ತವರಿಗೆ ಹೆದರಿಕೆಯಿಲ್ಲ.

ಕಂಡಕ್ಟರ್ ಬಂದ. ಮಾದೇಶ್ ಕೊಳ್ಳೇಗಾಲ ಅನ್ನಲು ಬಾಯಿ ತೆರೆದಿದ್ದರು.

"ಯಳಂದೂರು" ಅಂದೆ. "ಎರಡು."