ನಾಲ್ಕು ಹಲ್ಲು ಇಳಿಸಿ

ಹೆಗ್ಗಡದೇವನಕೋಟೆಯ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಈ ಕಥೆಯನ್ನು ಎರಡು ಬಗೆಯಾಗಿ ಹೇಳುತ್ತಾರೆ. ಮೋಟಾರ್ ಅಂಗಡಿಯ ಕಡೆಯವರು ಒಂದು ಚೀಟಿಯಿಂದ ಆರಂಭಿಸಿದರೆ, ಸೈಕಲ್ ಅಂಗಡಿಯ ಕಡೆಯವರು ಸುಟ್ಟ ವಾಸನೆಯಿಂದ. ವಾಸನೆಯಿಂದ ಆರಂಭಿಸುವುದೇ ಸರಿ. ಮೋಟಾರ್ ಅಂಗಡಿಯ ಫಹ್ಮೀದಾ ಸೈಕಲ್ ಅಂಗಡಿಯ ವಕಾರನ ಮುಖವನ್ನು ಮೊದಲ ಬಾರಿ ಕಂಡದ್ದು ಆ ವಾಸನೆಯ ಜೊತೆಗೇ.

ಅವನು ಅವಳ ಮೇಜಿನ ಮೇಲಿಟ್ಟದ್ದು ಮೊಳದುದ್ದದ ಕಾರು. ರಿಮೋಟಿನಿಂದ ಓಡುವುದು, ನುಣುಪು ನೆಲದ ಪಂದ್ಯಕ್ಕೆಂದೇ ಕಟ್ಟಿದ್ದು. ಬ್ಯಾಟರಿಯಿಂದ ಮೋಟಾರಿಗೆ ಹೋಗುವ ಕರೆಂಟನ್ನು ಅಳೆದು ಬಿಡುವ ಕಂಟ್ರೋಲರ್ ಅದರ ಹೊಟ್ಟೆಯೊಳಗೆ ಕರಗಿ ಕಪ್ಪಾಗಿತ್ತು.

“ಇದೇನಾ ನಿಮ್ಮ ಕೈಯ ಬೆಸುಗೆ?” ಎಂದ ವಕಾರ್. “ಪಂದ್ಯದಲ್ಲಿ ಎಲ್ಲರ ಮುಂದೆ ಹೊಗೆ ಬಂತು ಕಣ್ರೀ.”

ಫಹ್ಮೀದಾ ಕಾರನ್ನು ತನ್ನತ್ತ ಎಳೆದುಕೊಂಡಳು. ತನ್ನ ಪಂಪಿನ ಮೋಟಾರ್ ರಿಪೇರಿಗೆಂದು ಅಂತರಸಂತೆಯಿಂದ ಬಂದಿದ್ದ ಅಂಕಯ್ಯ ಅಲ್ಲೇ ಬೆಂಚಿನ ಮೇಲೆ ಕೂತಿದ್ದ. ಅವನು ಕಾರನ್ನು ನೋಡಿದ, ಅವಳ ಕೈಗಳನ್ನು ನೋಡಿದ. ಆಮೇಲೆ ಎದ್ದು, ಪಿರಿಯಾಪಟ್ಟಣದಲ್ಲಿ ತನಗೆ ಗೊತ್ತಿರುವವರಿದ್ದಾರೆಂದು ಮೆಲ್ಲಗೆ ಹೇಳಿ, ಮೋಟಾರನ್ನು ಹೆಗಲಿಗೇರಿಸಿಕೊಂಡು ಹೊರಟ.

ಖಾಲಿಯಾದ ಬೆಂಚನ್ನು ಅವಳು ನೋಡಿದಳು.

ತಂದೆ ಇಸಾಕ್ ಸಾಹೇಬರ ಕೈ ನಡುಗಲು ಆರಂಭಿಸಿದ ಮೇಲೆ, ತಾಮ್ರದ ತಂತಿ ಸುತ್ತುವ ಆ ಮೇಜಿಗೆ ಅವಳು ಕೂತು ಮೂರು ವರ್ಷ. ಹೆಣ್ಣು ಸುತ್ತಿದ ಮೋಟಾರ್ ಎಷ್ಟು ದಿನ ಓಡೀತು ಎಂದು ಕೇಳುತ್ತಿದ್ದವರ ಬಾಯಿ ಮುಚ್ಚಿಸಲು ಮೂರೂ ವರ್ಷ ಹಿಡಿದಿತ್ತು. ಹಾಗೆ ಗಳಿಸಿದ ಹೆಸರು ಈಗ ಒಂದು ಕಾರಿನ ಹೊಗೆಯಲ್ಲಿ ಹೋಗುತ್ತಿತ್ತು.

ವಕಾರ್ ಮೊದಲು ಕೇಳಿ ಕಳಿಸಿದ್ದು ಎಲ್ಲಕ್ಕಿಂತ ಕಡಿಮೆ ಸುತ್ತು ತಂತಿಯ ಮೋಟಾರು. ಸುತ್ತು ಕಡಿಮೆಯಾದಷ್ಟೂ ವೇಗ ಹೆಚ್ಚು, ಬಿಸಿಯೂ ಹೆಚ್ಚು. ಅವಳು ತಂದೆಯ ಮೂಲಕ ಬೇಡವೆಂದು ಹೇಳಿಸಿ, ಎಂಟೂವರೆ ಸುತ್ತಿನದನ್ನೂ ಅದನ್ನು ತಾಳುವ ಕಂಟ್ರೋಲರನ್ನೂ ಆರಿಸಿ, ಬೆಸೆದು ಕಳಿಸಿದ್ದಳು. ಜೊತೆಗೆ ಒಂದು ಚೀಟಿ: “ನಾಲ್ಕು ಹಲ್ಲು ಇಳಿಸಿ. ಆಮೇಲೆ ಓಡಿಸಿ.”

ವಕಾರ್ ಕಾರನ್ನು ಅಲ್ಲೇ ಬಿಟ್ಟು ಹೋದ ಮೇಲೆ ಅವಳು ಅದನ್ನು ಬಿಚ್ಚಿದಳು. ಬೆಸುಗೆ ಒಂದೂ ಬಿಟ್ಟಿರಲಿಲ್ಲ. ಮೋಟಾರಿನ ತುದಿಯ ಚಿಕ್ಕ ಗೇರಿನ ಹಲ್ಲು ಎಣಿಸಿದಳು. ಇಪ್ಪತ್ತಾರು. ಮೊದಲಿದ್ದಷ್ಟೇ!

‘ಇಳಿಸಿಯೇ ಇಲ್ಲ. ಹುಡುಗಿ ಬರೆದದ್ದಲ್ಲವೇ, ಯಾಕೆ ಕೇಳಿಯಾನು...’

ಆ ವಾರ ಅಂಗಡಿಗೆ ಒಂದೂ ಮೋಟಾರ್ ಬರಲಿಲ್ಲ. ತಂದೆ ಖಾಲಿ ಬೆಂಚನ್ನು ದಿನವೂ ಒರೆಸಿಡುತ್ತಿದ್ದರು. ಅದೇ ಅವಳಿಗೆ ತಾಳಲಾಗಲಿಲ್ಲ. ಭಾನುವಾರ ಹುಣಸೂರಿನಲ್ಲಿ ಮತ್ತೆ ಪಂದ್ಯವಿತ್ತು. ಕಾರು, ಹೊಸ ಕಂಟ್ರೋಲರ್, ಇಪ್ಪತ್ತೆರಡು ಹಲ್ಲಿನ ಗೇರು, ಬೆಸುಗೆಯ ಸಾಮಾನು ಚೀಲಕ್ಕೆ ಹಾಕಿಕೊಂಡು, ತಂದೆಯನ್ನು ಕರೆದುಕೊಂಡು ಮುಂಜಾನೆಯ ಬಸ್ಸು ಹತ್ತಿದಳು. ಎಲ್ಲರ ಮುಂದೆ ಹೋದ ಹೆಸರು ಎಲ್ಲರ ಮುಂದೆಯೇ ಬರಬೇಕಿತ್ತು.

ಹಳೆಯ ತಂಬಾಕು ಗೋದಾಮಿನ ಕಾಂಕ್ರೀಟು ಅಂಗಳದಲ್ಲಿ ಸುಣ್ಣದ ಗೆರೆ ಎಳೆದಿದ್ದರು. ಪಂದ್ಯ ನಡೆಸುವ ಪ್ರಭುಸ್ವಾಮಿ ಮೈಕು ಹಿಡಿದು ಹೆಸರು ಕೂಗುತ್ತಿದ್ದ. ಆಟಗಾರರ ಮೇಜಿನ ಬಳಿ ವಕಾರ್ ಬರಿಗೈಯಲ್ಲಿ ನಿಂತಿದ್ದ.

ಅವಳು ಕಾರನ್ನು ಅವನೆದುರಿಗಿಟ್ಟಳು.

“ಹಲ್ಲು ಇಳಿಸಿ ಅಂದಿದ್ದೆ. ನೀವು ಇಳಿಸ್ಲಿಲ್ಲ.”

“ಇಳಿಸಿದ್ದೆ.”

“ಸುಳ್ಳು. ನಾನು ಎಣಿಸಿದ್ದೀನಿ.”

“ನಾನೂ ಎಣಿಸಿದ್ದೀನಿ ಕಣ್ರೀ. ಎಪ್ಪತ್ತೆಂಟಿತ್ತು, ಎಪ್ಪತ್ನಾಲ್ಕು ಮಾಡ್ದೆ.” ಅವನ ಬೆರಳು ದೊಡ್ಡ ಗೇರಿನ ಮೇಲಿತ್ತು... ಗಾಲಿ ಕಡೆಯ ಗೇರಿನ ಮೇಲೆ.

ಅವಳು ದೊಡ್ಡ ಗೇರಿನತ್ತ ಬಾಗಿದಳು. ಮೋಟಾರ್ ಅಂಗಡಿಯಲ್ಲಿ ಹಲ್ಲು ಎಂದರೆ ಮೋಟಾರಿನ ಹಲ್ಲು. ಸೈಕಲ್ ಅಂಗಡಿಯಲ್ಲಿ ಹುಟ್ಟಿ ಬೆಳೆದವನಿಗೆ ಹಲ್ಲು ಎಂದರೆ ಹಿಂದಿನ ಗಾಲಿಯದು. ಮೋಟಾರಿನ ಕಡೆ ಇಳಿಸಿದರೆ ಬಿಸಿ ಇಳಿಯುತ್ತದೆ. ಗಾಲಿ ಕಡೆ ಇಳಿಸಿದರೆ ಏರುತ್ತದೆ. ಅವಳು ಯಾವ ಕಡೆಯದೆಂದು ಬರೆದಿರಲಿಲ್ಲ. ಎಣಿಸುವಾಗಲೂ ತನ್ನ ಕಡೆಯದನ್ನು ಮಾತ್ರ ಎಣಿಸಿದ್ದಳು.

“ಅಲ್ಲಿ ಇಳಿಸಿದ್ರೆ ಭಾರ ಜಾಸ್ತಿ ಆಗುತ್ತೆ ಅಂತ ನಿಮಗೆ ಗೊತ್ತಿರ್ಲಿಲ್ವಾ?” ಧ್ವನಿ ಇಳಿದಿತ್ತು.

“ಗೊತ್ತಿತ್ತು. ತಪ್ಪು ಅಂತಾನೂ ಅನ್ನಿಸ್ತು.” ಅವನು ಜೇಬಿನಿಂದ ಮಡಿಸಿದ ಚೀಟಿ ತೆಗೆದ. “ಆದ್ರೂ ನೀವು ಬರೆದಿದ್ದು ಅಂತ ಹಾಕ್ದೆ. ಅದಕ್ಕೇ ಅಷ್ಟು ಕೋಪ ಬಂತು.”

ತನ್ನ ಮಾತನ್ನು ಕೇಳಲಿಲ್ಲವೆಂದು ಅವಳು ಒಂದು ವಾರ ದ್ವೇಷಿಸಿದ್ದವನು, ತನ್ನ ಕಸುಬಿನ ಬುದ್ಧಿಯನ್ನು ಬದಿಗಿಟ್ಟು ಅವಳ ಮಾತು ಕೇಳಿದ್ದ.

ವಕಾರ್ ತೆಗೆದಿಟ್ಟ ಎಪ್ಪತ್ತೆಂಟರ ಗೇರು ಊರಲ್ಲೇ ಉಳಿದಿತ್ತು. ಚಿಕ್ಕದನ್ನಷ್ಟೇ ಇಳಿಸಬಹುದು, ಬೇಕಾದಷ್ಟು ತಂಪಾಗುತ್ತದೆಂಬ ಭರವಸೆ ಇರಲಿಲ್ಲ. ಮತ್ತೆ ಹೊಗೆ ಬಂದರೆ ಅವಳು ಅಂಗಡಿಯ ಮೇಜಿಗೆ ಹಿಂತಿರುಗುವಂತಿರಲಿಲ್ಲ. ಅವಳು ಹೊಸ ಕಂಟ್ರೋಲರನ್ನು ಬೆಸೆದು, ಇಪ್ಪತ್ತೆರಡರ ಗೇರು ಕೂರಿಸಿದಳು. ಎರಡು ಗೇರುಗಳ ನಡುವೆ ಕೂದಲೆಳೆಯ ಅಂತರವಿರಲು ಒಂದು ಕಾಗದ ಇಟ್ಟು ಬಿಗಿಯಬೇಕು. ಕಾಗದಕ್ಕೆ ಕೈ ಚಾಚಿದಾಗ ಅವನು ಆ ಚೀಟಿಯನ್ನೇ ಕೊಟ್ಟ.

ಅವಳು ಬಿಗಿದು ಮುಗಿಸುವಷ್ಟರಲ್ಲಿ ವಕಾರ್ ಪ್ರಭುಸ್ವಾಮಿಯ ಕೈಯಿಂದ ಮೈಕು ಕೇಳಿ ತೆಗೆದುಕೊಂಡಿದ್ದ. ಹೋದ ವಾರ ಸುಟ್ಟದ್ದು ಫಹ್ಮೀದಾರ ಕೆಲಸವಲ್ಲ, ಗೇರು ತಪ್ಪು ಕಡೆ ಇಳಿಸಿದ್ದು ತನ್ನ ಕೈ ಎಂದು ಎಲ್ಲರಿಗೂ ಕೇಳುವಂತೆ ಹೇಳಿದ.

ಪ್ರಭುಸ್ವಾಮಿ ಮೈಕು ಕಸಿದುಕೊಂಡು, “ಓಡುಸ್ಬುಟ್ಟು ಯೋಳು ಕಣ್ಲಾ, ಈಗ್ಲೇ ಯಾಕ್ ಯೋಳೀಯೆ?” ಎಂದು ಗದರಿದ. ಜನ ನಕ್ಕರು. ಫಹ್ಮೀದಾ ನಗಲಿಲ್ಲ. ‘ಮತ್ತೆ ಸುಟ್ಟೀತೆಂದೂ ನೋಡದೆ, ಓಡುವ ಮೊದಲೇ ಹೇಳಿದನಲ್ಲ...’

ಐದು ನಿಮಿಷದ ಓಟ. ಕಾರು ಗೆರೆಯ ಮೇಲೆ ಸಿಳ್ಳೆ ಹಾಕುತ್ತ ಸುತ್ತಿತು. ಅವಳು ಯಾರು ಮುಂದೆ, ಯಾರು ಹಿಂದೆ ನೋಡಲಿಲ್ಲ. ಮೂಗಿನಲ್ಲಿ ಉಸಿರೆಳೆದು ಕಾದಳು. ಮೂರನೆಯ ನಿಮಿಷಕ್ಕೆ ಸುಟ್ಟ ವಾಸನೆ ಬಂದಾಗ ಅವಳು ಗೆರೆಯ ಅಂಚಿಗೆ ಬಾಗಿದಳು. ಅದು ಪಕ್ಕದ ಕಾರಿನದು. ಕೊನೆಯ ಸಿಳ್ಳೆ ಬಿದ್ದಾಗ ವಕಾರನ ಕಾರು ಮೂರನೆಯದಾಗಿ ಬಂದು ನಿಂತಿತ್ತು. ಹೊಗೆಯಿರಲಿಲ್ಲ.

ಬುಧವಾರ ವಕಾರ್ ಅಂಕಯ್ಯನನ್ನೂ ಅವನ ಮೋಟಾರನ್ನೂ ಮೊಪೆಡ್ಡಿನಲ್ಲಿ ಹೇರಿಕೊಂಡು ಅಂಗಡಿಗೆ ಬಂದ. ಪಿರಿಯಾಪಟ್ಟಣದವರು ಇನ್ನೂ ಬಿಚ್ಚಿಯೇ ಇರಲಿಲ್ಲವಂತೆ. ಶನಿವಾರ ಅವಳು ಸುತ್ತು ಮುಗಿಸಿ ಮೋಟಾರನ್ನು ಓಡಲು ಬಿಟ್ಟಾಗ, ಅಂಕಯ್ಯ ಇಸಾಕ್ ಸಾಹೇಬರೊಡನೆ ಚಹಾಕ್ಕೆ ಹೋಗಿದ್ದ. ವಕಾರ್ ಹೋಗಿರಲಿಲ್ಲ.

“ಮೋಟಾರಿನ ಮೈ ಮೇಲೆ ಬೆರಳಿಟ್ಟು ಹತ್ತು ಎಣಿಸ್ಬೇಕು,” ಎಂದಳು. “ಬಿಸಿ ತಡ್ಕೊಳ್ಳೋಕಾದ್ರೆ ಕೆಲಸ ಸರಿ ಇದೆ ಅಂತ. ಅಬ್ಬಾ ಕಲಿಸಿದ್ದು.”

ಅವಳು ಬೆರಳಿಟ್ಟಳು. ಪಕ್ಕದಲ್ಲಿ ಅವನೂ ಇಟ್ಟ.

“ನಾಳೆ ನಮ್ಮ ಅಮ್ಮೀನ ನಿಮ್ಮನೆಗೆ ಕಳಿಸ್ತೀನಿ.”

“ಯಾಕೆ? ಬಿಡಿಸಿ ಹೇಳಿ. ಒಂದು ಮಾತಿಗೆ ಎರಡು ಅರ್ಥ ಆಗೋದು ಸಾಕು.”

“ನಿಮ್ಮನ್ನ ನನಗೆ ಕೇಳೋಕೆ.”

ಅವನ ಅಂಗಿಯ ಜೇಬಿನಿಂದ ಗೇರಿನ ಹಲ್ಲಿನ ಗುರುತು ಬಿದ್ದ ಚೀಟಿ ಇಣುಕುತ್ತಿತ್ತು. ಅವಳು ಅದನ್ನೇ ನೋಡುತ್ತಿದ್ದಳು. ಮೋಟಾರು ಬೆರಳಡಿಯಲ್ಲಿ ಮೆಲ್ಲಗೆ ಮಿಡಿಯುತ್ತಿತ್ತು.

“ಹತ್ತಾಯ್ತಾ?” ಅವನು ಕೇಳಿದ. “ಬೆರಳು ತೆಗೀಲಾ?”

“ಎಣಿಕೆ ತಪ್ಪೋಯ್ತು,” ಎಂದಳು ಫಹ್ಮೀದಾ. “ಒಂದರಿಂದ ಎಣಿಸೋಣ.”