ಚಿಕ್ಕ ನಂಬರಿನ ರಾಕೆಟ್

ಶಟಲ್ ಕಾಕ್ ನೆಟ್ ದಾಟಲಿಲ್ಲ. ದಾಟಿದ್ದು ರಾಕೆಟ್.

ಚೂಟಿಯ ಬೆವರಿದ ಕೈಯಿಂದ ಜಾರಿದ ಅದು ಹಾರಿಹೋಗಿ, ಆ ಕಡೆ ನಿಂತಿದ್ದ ವಿಸಲ್ ಮೇಡಂ ಕಾಲ ಬುಡದಲ್ಲಿ ಬಿತ್ತು. ಗೋಡೆಯುದ್ದಕ್ಕೂ ಕೂತಿದ್ದ ಮಕ್ಕಳು ಹೊಟ್ಟೆ ಹಿಡಿದುಕೊಂಡು ನಕ್ಕರು.

"ಮಿಸ್, ಮುಂದಿನ ಸಲ ನಮಗೆಲ್ಲ ಹೆಲ್ಮೆಟ್ ಕೊಡಿ," ಎಂದ ಒಬ್ಬ.

ವಿಸಲ್ ಮೇಡಂ ಅಂದರೆ ಶಾಲೆಯ ಬ್ಯಾಡ್ಮಿಂಟನ್ ಕೋಚ್. ಸಂಜೆಯ ಬ್ಯಾಚಿಗೆ ಅವರಿಗೆ ಎಂಟೇ ಮಕ್ಕಳು ಬೇಕಾಗಿದ್ದರು. ಕಾಕ್ ಕೆಳಗೆ ಬೀಳದ ಹಾಗೆ ಅವರ ಜೊತೆ ಹತ್ತು ಸಲ ಹೊಡೆದವರು ಒಳಗೆ. ಏಳು ಮಂದಿ ಆಗಲೇ ಆಯ್ಕೆಯಾಗಿದ್ದರು. ಚೂಟಿಗೆ ಮೂರರ ಮೇಲೆ ಹೋಗಲು ಆಗಿರಲಿಲ್ಲ.

ಅವಳಿಗೆ ಆಡಲು ಬರುವುದಿಲ್ಲ ಅಂತಲ್ಲ. ಪರೀಕ್ಷೆಗೆ ಒಯ್ಯುವ ರಟ್ಟನ್ನೇ ಹಿಡಿದು, ಓಣಿಯಲ್ಲಿ ಪ್ಲಾಸ್ಟಿಕ್ ಕಾಕನ್ನು ನಲವತ್ತು ಸಲ ಹೊಡೆದ ಹುಡುಗಿ ಅವಳು. ಆದರೆ ಈ ಹೊಸ ರಾಕೆಟ್ ಹಿಡಿದರೆ ಸುತ್ತಿಗೆ ಬೀಸಿದ ಹಾಗಾಗುತ್ತಿತ್ತು. ಅದರ ಹಿಡಿ ಎಷ್ಟು ದಪ್ಪವೆಂದರೆ, ಬೆರಳುಗಳು ಸುತ್ತಿಕೊಳ್ಳುವುದಕ್ಕೇ ಒದ್ದಾಡುತ್ತಿದ್ದವು.

ಎಲ್ಲಾ ಅಪ್ಪನಿಂದ, ಎಂದು ಅವಳು ಹಲ್ಲು ಕಡಿದಳು.

ಚೂಟಿಯ ಅಪ್ಪ ಟೈಲರ್. ಊರಿನವರಿಗೆಲ್ಲ ಅಚ್ಚುಕಟ್ಟಾದ ಅಳತೆ, ಮಗಳಿಗೆ ಮಾತ್ರ "ಬೆಳೆಯೋ ಮಗು, ಸ್ವಲ್ಪ ಜಾಸ್ತಿ ಇರಲಿ." ಅವಳ ಯೂನಿಫಾರ್ಮ್ ಸ್ಕರ್ಟಿನ ಅಂಚನ್ನು ನಾಲ್ಕು ಬೆರಳು ಒಳಗೆ ಮಡಿಚಿ ಹೊಲಿದಿದ್ದರು. ಶೂಗಳ ಮೂತಿಯಲ್ಲಿ ಹತ್ತಿ ತುರುಕಿತ್ತು. ರೈನ್‌ಕೋಟಿನೊಳಗೆ ಇನ್ನೊಬ್ಬಳಿಗೂ ಜಾಗವಿತ್ತು. ಇವತ್ತು ತೊಟ್ಟಿದ್ದ ಆಟದ ಶರ್ಟೋ, ಮೊಣಕಾಲು ಮುಟ್ಟುತ್ತಿತ್ತು. "ಶರ್ಟಾ, ಟೆಂಟಾ?" ಎಂದು ಬೆಳಿಗ್ಗೆಯೇ ಯಾರೋ ಕೇಳಿಯಾಗಿತ್ತು.

ಅದಕ್ಕೇ ಅಪ್ಪ ರಾಕೆಟ್ ತರಲು ಹೊರಟ ದಿನ ಅವಳು ನೂರು ಸಲ ಹೇಳಿದ್ದಳು. "ಅಪ್ಪಾ, ದಮ್ಮಯ್ಯ ಅಂತೀನಿ. ರಾಕೆಟ್ ಮಾತ್ರ ನನ್ನ ಅಳತೇದೇ ತಾ."

ಅಪ್ಪನ ತುಟಿಗಳ ನಡುವೆ ಗುಂಡುಪಿನ್ನುಗಳಿದ್ದವು. "ಹ್ಞೂಂ," ಎಂದಿದ್ದರು.

ಮೇಡಂ ಈಗ ಕಾಲ ಬುಡದಲ್ಲಿದ್ದ ರಾಕೆಟ್ ಎತ್ತಿ ತೂಗಿ ನೋಡಿದರು. ಹಿಡಿಯ ಮೇಲ್ಗಡೆ ಅಚ್ಚಾಗಿದ್ದ ಸಣ್ಣ ಅಕ್ಷರ ಓದಿದರು.

"ಇದು ತ್ರೀ ಯು. ದೊಡ್ಡೋರು ಆಡೋದು. ನಿನಗೆ ಫೈವ್ ಯು ಬೇಕು. ಇದ್ರಲ್ಲಿ ನಂಬರ್ ಜಾಸ್ತಿ ಆದಷ್ಟೂ ತೂಕ ಕಮ್ಮಿ, ಹಿಡೀನೂ ಸಣ್ಣ. ಗೊತ್ತಾಯ್ತಾ?"

ಚೂಟಿಯ ಕಿವಿಗೆ ಹೋಗಿದ್ದು 'ದೊಡ್ಡೋರು' ಎನ್ನುವುದೊಂದೇ.

"ಸೋಮವಾರ ಇನ್ನೊಂದು ಚಾನ್ಸ್," ಎಂದರು ಮೇಡಂ. "ಸ್ಟೋರ್ ರೂಮಿನ ಪೆಟ್ಟಿಗೇಲಿ ಹಳೇ ರಾಕೆಟ್ ಇದೆ, ಹಗುರದ್ದು. ಅದ್ರಲ್ಲಿ ಪ್ರಾಕ್ಟೀಸ್ ಮಾಡ್ಕೊಂಡು ಬಾ. ಎಂಟನೇ ಜಾಗ ಅಲ್ಲೀವರೆಗೂ ಖಾಲಿ ಇಡ್ತೀನಿ. ಆಮೇಲೆ ಇಲ್ಲ."

ಎರಡು ರಾಕೆಟ್ ಹೊತ್ತುಕೊಂಡು, ಮುಖ ಊದಿಸಿಕೊಂಡು ಅವಳು ಮನೆಗೆ ಬಂದಳು. ಮನೆಯ ಮುಂದಿನ ಕೋಣೆಯೇ ಅಪ್ಪನ ಅಂಗಡಿ. ಮಿಷನ್ ಕಟಕಟ ಅನ್ನುತ್ತಿತ್ತು. ಅಜ್ಜಿ ಮೂಲೆಯಲ್ಲಿ ಕೂತು ಅಂಗಿಗಳಿಗೆ ಗುಂಡಿ ಹೊಲಿಯುತ್ತಿದ್ದಳು.

ಚೂಟಿ ಹೊಸ ರಾಕೆಟನ್ನು ಕತ್ತರಿಸುವ ಮೇಜಿನ ಮೇಲೆ ಧೊಪ್ಪೆಂದು ಹಾಕಿದಳು.

"ತಗೋ. ಇದನ್ನ ನೀನೇ ಆಡು."

ಮಿಷನ್ ನಿಂತಿತು. "ಯಾಕೆ, ಏನಾಯ್ತು?"

"ಏನಾಯ್ತಾ? ಇದು ದೊಡ್ಡೋರ ರಾಕೆಟ್ ಅಂತೆ. ಎಲ್ಲರೂ ನಕ್ರು. ಸ್ಕರ್ಟ್ ದೊಡ್ಡದು, ಶೂ ದೊಡ್ಡದು, ಈಗ ರಾಕೆಟ್ಟೂ ದೊಡ್ಡದು. ರಾಕೆಟ್ಟಿಗೂ ಹತ್ತಿ ತುರುಕಲಾ? ಅಷ್ಟು ಸಲ ಹೇಳಿದ್ದೆ ನಿನಗೆ. ಒಂದು ದಿನಾನಾದ್ರೂ ನನ್ನ ಮಾತು ಕಿವಿಗೆ ಹಾಕ್ಕೊಂಡಿದೀಯಾ?"

ಅಪ್ಪ ರಾಕೆಟನ್ನು ತಿರುಗಿಸಿ ನೋಡಿದರು. "ಚಿಕ್ಕದೇ ತಂದೆನಲ್ಲೇ," ಎಂದರು ಮೆಲ್ಲಗೆ.

"ಸುಳ್ಳು."

ಅಜ್ಜಿ ದಾರವನ್ನು ಹಲ್ಲಿನಿಂದ ಕಡಿದಳು. "ಏ ಬಾಯಿಬಡುಕಿ, ಅಳತೆ ಪುಸ್ತಕ ಅಲ್ಲೇ ಇದೆ, ತೆಗೆದು ನೋಡು. ಕೂಗಾಡೋದು ಆಮೇಲೂ ಆಗುತ್ತೆ."

ಚೂಟಿ ಸಿಡುಕುತ್ತಲೇ ಪುಸ್ತಕ ಎಳೆದುಕೊಂಡಳು. ಎಲ್ಲ ಗಿರಾಕಿಗಳಿಗೂ ಅದರಲ್ಲಿ ಒಂದೊಂದು ಪುಟ. ಅವಳಿಗೂ ಒಂದಿತ್ತು. 'ಮಗಳು' ಎಂದು ಮೇಲೆ ಬರೆದಿತ್ತು. ಸ್ಕರ್ಟಿನ ಉದ್ದ, ಅದರ ಮುಂದೆ 'ನಾಲ್ಕು ಜಾಸ್ತಿ'. ಶರ್ಟು, ಅದರ ಮುಂದೆ 'ಮೂರು ಜಾಸ್ತಿ'. ರೈನ್‌ಕೋಟಿಗಂತೂ ಆರು. ನೋಡನೋಡುತ್ತ ಅವಳ ಮೂಗಿನ ತುದಿ ಕೆಂಪಾಯಿತು.

ಕೊನೆಯ ಸಾಲು ಕೆಂಪು ಪೆನ್ಸಿಲಿನದ್ದು. ತಪ್ಪಲೇಬಾರದ ಅಳತೆಯನ್ನು ಮಾತ್ರ ಅಪ್ಪ ಕೆಂಪಿನಲ್ಲಿ ಬರೆಯುತ್ತಿದ್ದರು.

'ರಾಕೆಟ್. ಜಾಸ್ತಿ ಬೇಡ. ಅಂಗಡಿಯಲ್ಲಿ ಇರುವುದರಲ್ಲೇ ಚಿಕ್ಕ ನಂಬರ್.'

ಕೆಳಗೆ ಎರಡು ಗೆರೆ ಎಳೆದಿದ್ದರು.

ಚೂಟಿ ಆ ಸಾಲನ್ನು ಎರಡು ಸಲ ಓದಿದಳು. ಮೇಡಂ ಹೇಳಿದ್ದರಲ್ಲಿ ಅವಳ ಕಿವಿಗೆ ಹೋಗದೇ ಉಳಿದಿದ್ದು ಈಗ ಒಳಗೆ ಇಳಿಯಿತು.

"ಅಪ್ಪಾ," ಎಂದಳು. ಸ್ವರ ಮೊದಲಿನಷ್ಟು ದೊಡ್ಡದಿರಲಿಲ್ಲ. "ರಾಕೆಟ್ಟಿಗೆ ನಂಬರ್ ಉಲ್ಟಾ ಅಂತೆ. ಚಿಕ್ಕ ನಂಬರ್ ಅಂದ್ರೆ ದೊಡ್ಡೋರದು."

"ಉಲ್ಟಾನಾ?" ಅಪ್ಪ ಕನ್ನಡಕವನ್ನು ಹಣೆಗೆ ಏರಿಸಿದರು. "ಅಂಗಿಗೆ ಇಪ್ಪತ್ತನಾಲ್ಕು ಅಂದ್ರೆ ಮಕ್ಕಳು, ನಲವತ್ತು ಅಂದ್ರೆ ದೊಡ್ಡೋರು. ಇಪ್ಪತ್ತು ವರ್ಷದಿಂದ ಅದೇ ಲೆಕ್ಕ ನಂದು. ಅಂಗಡಿಯವನು ಯಾರಿಗೆ ಅಂತಾನೂ ಕೇಳಲಿಲ್ಲ. ನಾನೇ ದೊಡ್ಡ ಮನುಷ್ಯನ ಹಾಗೆ ನಂಬರ್ ಹೇಳಿ ತಗೊಂಡು ಬಂದೆ."

"ಹಂಗಾದ್ರೆ ನನ್ನ ನಂಬರ್ ಎಷ್ಟೋ?" ಎಂದಳು ಅಜ್ಜಿ. "ಒಂದೋ, ಸೊನ್ನೆಯೋ?"

ಅಪ್ಪನೇ ಮೊದಲು ನಕ್ಕರು.

"ಆಡಿ ಗೀರು ಬಿದ್ದ ಮೇಲೆ ಅಂಗಡಿಯವನು ವಾಪಸ್ ತಗೊಳಲ್ಲ," ಎಂದರು. "ಒಂದು ಕವರ್ ಹೊಲಿದು ಎತ್ತಿಡ್ತೀನಿ. ಸೋಮವಾರಕ್ಕೆ ಬೇರೆ ಶರ್ಟ್ ಮಾಡ್ಕೊಡ್ಲಾ? ಬಾ, ಅಳತೆ ಕೊಡು."

ಚೂಟಿ ಎದುರಿಗೆ ಹೋಗಿ ನೆಟ್ಟಗೆ ನಿಂತಳು. ಅಪ್ಪ ಕೊರಳಿನ ಟೇಪು ತೆಗೆದು ಹೆಗಲಿನಿಂದ ಸೊಂಟದ ಕೆಳಗಿನವರೆಗೆ ಹಿಡಿದರು. ತೋಳನ್ನು ಎರಡು ಸಲ ಅಳೆದರು. ಪುಸ್ತಕದಲ್ಲಿ ನಂಬರ್ ಬರೆದರು. ಅದರ ಮುಂದೆ ಏನೋ ಬರೆಯಲು ಹೋದ ಪೆನ್ಸಿಲು ತಟಕ್ಕನೆ ನಿಂತಿತು.

"ಇಷ್ಟೇ," ಎಂದರು ಅಪ್ಪ. "ಒಂದು ನೂಲೂ ಜಾಸ್ತಿ ಇಲ್ಲ."

ಚೂಟಿ ಕಾಲಿನ ಹೆಬ್ಬೆರಳಿನಿಂದ ನೆಲದ ಮೇಲಿನ ಬಟ್ಟೆಚೂರನ್ನು ಅತ್ತಿತ್ತ ಸರಿಸಿದಳು.

"ಒಂದಿಂಚು ಇರಲಿ ಬಿಡಪ್ಪ," ಎಂದಳು. "ಬೆಳೀತೀನಲ್ಲ."